ಮೈದಾ ಅಂಟಿನ ಗುಂಡುಗಳು

ಅಜ್ಜಂಪುರದಿಂದ ಬಂದ ಕರೆಯಲ್ಲಿ ಬೆಂಕಿಯ ಮಾತೇ ಇರಲಿಲ್ಲ. ಪಕ್ಕದ ಮನೆಯ ಹಿತ್ತಿಲಿನ ಶೆಡ್ಡಿನ ಮೇಲೆ ಏನೋ ಸಿಡಿದಿದೆ, ಸಿಮೆಂಟ್ ಶೀಟಿನ ತುಂಡುಗಳು ತಮ್ಮ ಅಂಗಳಕ್ಕೆ ಬಂದು ಬಿದ್ದಿವೆ, ಹೊಗೆ ಕಾಣುತ್ತಿಲ್ಲ, ಆದರೆ ಕೆಟ್ಟ ವಾಸನೆ ಇದೆ, ಒಮ್ಮೆ ಬಂದು ನೋಡಿ ಎಂದು ಒಬ್ಬ ಮೇಷ್ಟರು ಫೋನಿನಲ್ಲಿ ಹೇಳಿದರು. ಗ್ಯಾಸ್ ಸಿಲಿಂಡರ್ ಇರಬೇಕೆಂದುಕೊಂಡೆ. ತರೀಕೆರೆಯ ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಆ ಮಧ್ಯಾಹ್ನ ಉಳಿದಿದ್ದು ಒಂದೇ ಗಾಡಿ. ಇನ್ನೊಂದು ಲಕ್ಕವಳ್ಳಿ ಕಡೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿದೆಯೆಂದು ಹೋಗಿತ್ತು. ಇದ್ದ ಸಿಬ್ಬಂದಿಯನ್ನು ಹತ್ತಿಸಿಕೊಂಡು ಹೊರಟೆ.

ಮನೆ ಬೀದಿಯ ಕೊನೆಯಲ್ಲಿತ್ತು. ಮುಂದೆ ಹೆಂಚಿನ ಮನೆ, ಹಿಂದೆ ಶೀಟಿನ ಶೆಡ್ಡು. ಶೆಡ್ಡಿನ ಒಂದು ಮೂಲೆಯಲ್ಲಿ ಸೂರು ತೂತು ಬಿದ್ದು ಆಕಾಶ ಕಾಣುತ್ತಿತ್ತು. ಬಾಗಿಲಲ್ಲಿ ಸುಮಾರು ಮೂವತ್ತೈದರ ಹೆಂಗಸೊಬ್ಬಳು ನಿಂತಿದ್ದಳು. ಬೆರಳುಗಳ ಸಂದಿಯಲ್ಲಿ ಬಿಳಿ ಅಂಟು ಒಣಗಿ ಪೊರೆಯಂತೆ ಎದ್ದಿತ್ತು. ಹೆದರಿದ್ದಕ್ಕಿಂತ ಹೆಚ್ಚಾಗಿ, ನಮ್ಮ ಕೆಂಪು ಗಾಡಿ ಅವಳ ಮನೆ ಮುಂದೆ ನಿಂತಿದ್ದಕ್ಕೆ ನಾಚಿಕೊಂಡಂತಿದ್ದಳು.

"ಗ್ಯಾಸ್ ಎಲ್ಲಿದೆಯಮ್ಮಾ?" ಎಂದೆ.

"ಗ್ಯಾಸ್ ಅಡಿಗೆಮನೇಲಿ ಚೆನ್ನಾಗೈತೆ ಸಾ. ಅದಲ್ಲ. ಹಿಂದುಗಡೆ ಶೀಟ್ ಮೇಲೆ ಒಣಗಕ್ಕೆ ಇಟ್ಟಿದ್ದು ಒಂದು ಡಬ್ ಅಂತು. ಬಿಸಿಲಿಗೆ ಉಬ್ಬಿ ಒಡೀತೇನೋ."

"ಏನು ಒಣಗಕ್ಕೆ ಇಟ್ಟಿದ್ರಿ?"

ಅವಳು ಶೆಡ್ಡಿನೊಳಗೆ ಕೈ ಹಾಕಿ ಒಂದನ್ನು ಎತ್ತಿಕೊಂಡು ಬಂದು, ನನಗೆ ತೆಂಗಿನಕಾಯಿ ಕೊಡುವ ಹಾಗೆ ಎರಡು ಕೈಯಲ್ಲಿ ಚಾಚಿದಳು. "ಇದೇ ನೋಡಿ ಸಾ. ಡೆಕೋರೇಶನ್ ಚೆಂಡು. ಒಳಗೆಲ್ಲ ಬರೀ ಥರ್ಮಾಕೋಲು."

ಕಂದು ಕಾಗದದ ಪಟ್ಟಿಗಳನ್ನು ಅಡ್ಡಡ್ಡ ಸುತ್ತಿ ಅಂಟಿಸಿದ ಗುಂಡು ಅದು. ಅಂಟಿಸಿದ್ದು ಎಷ್ಟು ನೀಟಾಗಿತ್ತೆಂದರೆ ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಕಾಣುತ್ತಿರಲಿಲ್ಲ. ತಳದಲ್ಲಿ ಕಾಗದದ ಟೋಪಿ ಹಾಕಿ ಕಟ್ಟಿದ್ದ ಬತ್ತಿಯಂಥ ಒಂದು ಬಾಲವಿತ್ತು. ಪಟಾಕಿ ಗೋದಾಮುಗಳ ತಪಾಸಣೆಯಲ್ಲಿ ಇಂಥದನ್ನು ದೂರದಿಂದ ನೋಡಿದ್ದೆ. ಆಕಾಶಕ್ಕೆ ಹಾರಿ ಹೂವಿನಂತೆ ಬಿಚ್ಚಿಕೊಳ್ಳುವ ಬಾಣಬಿರುಸಿನ ಶೆಲ್ಲು. ಅದೀಗ ನನ್ನ ಎದೆಗೆ ಒಂದು ಗೇಣು ದೂರದಲ್ಲಿ, ಒಬ್ಬ ಗೃಹಿಣಿಯ ಅಂಗೈಯಲ್ಲಿತ್ತು.

"ಅಮ್ಮಾ, ಅದನ್ನ ನಿಧಾನಕ್ಕೆ ನೆಲದ ಮೇಲೆ ಇಡು. ಎತ್ತಿ ಹಾಕ್ಬೇಡ. ಇಟ್ಟು ನನ್ನ ಕಡೆ ಬಾ."

"ಅಯ್ಯೋ, ಚೆಂಡು ಸಾ ಇದು," ಎಂದು ನಕ್ಕಳು. ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿ ಮೆಲ್ಲಗೆ ಬಗ್ಗಿ ಅದನ್ನು ಕೆಳಗಿಟ್ಟಳು.

ಬಾಗಿಲಿನಿಂದಲೇ ಶೆಡ್ಡಿನೊಳಗೆ ಇಣುಕಿದೆ. ಕಬ್ಬಿಣದ ರ‍್ಯಾಕಿನ ತಟ್ಟೆ ತಟ್ಟೆಯಲ್ಲೂ ಗುಂಡುಗಳು. ಮೂಸಂಬಿಯಷ್ಟು ದೊಡ್ಡವು, ತೆಂಗಿನಕಾಯಿಯಷ್ಟು ದೊಡ್ಡವು, ಕೆಲವು ಅರ್ಧ ಮಾತ್ರ ಅಂಟಿಸಿದವು. ನಡುವೆ ಒಂದು ಟೇಬಲ್ ಫ್ಯಾನು ಅವುಗಳ ಮೇಲೆ ಗಾಳಿ ಬೀಸುತ್ತ ಕತ್ತು ತಿರುಗಿಸುತ್ತಿತ್ತು. ಅದರ ವೈರು ಎರಡು ಕಡೆ ಟೇಪು ಸುತ್ತಿದ್ದು.

ಆಮೇಲೆ ಮಾಡಬೇಕಾದ್ದನ್ನು ಮಾಡಿದೆವು. ಬೀದಿಯ ಎರಡೂ ಬದಿಯ ಮನೆಗಳನ್ನು ಖಾಲಿ ಮಾಡಿಸಿದೆವು. ಶೆಡ್ಡಿನ ಸ್ವಿಚ್ಚು ಮುಟ್ಟದೆ ಕಂಬದಲ್ಲೇ ಕರೆಂಟು ತೆಗೆಸಿದೆವು. ಅಡಿಗೆಮನೆಯ ಸಿಲಿಂಡರನ್ನು ನಮ್ಮವರೊಬ್ಬರು ಹೆಗಲ ಮೇಲೆ ಹೊತ್ತು ಬೀದಿಯಾಚೆ ಇಟ್ಟು ಬಂದರು. ಅಜ್ಜಂಪುರ ಠಾಣೆಯ ಪೊಲೀಸರು ಹಗ್ಗ ಕಟ್ಟಿದರು. ಬಾಂಬ್ ನಿಷ್ಕ್ರಿಯ ದಳ ಜಿಲ್ಲಾ ಕೇಂದ್ರದಿಂದ ಹೊರಟಿದೆ, ಕಡೂರಿನ ಮೇಲೆ ಬರುತ್ತದೆ ಎಂದು ತಿಳಿಯಿತು. ಅಷ್ಟರಲ್ಲಿ ನಮ್ಮ ಹುಡುಗರು ಪೈಪು ಬಿಚ್ಚಿ ನೀರಿಗೆ ಸಿದ್ಧವಾಗಿದ್ದರು. ರ‍್ಯಾಕನ್ನು ದೂರದಿಂದಲೇ ಪೂರ್ತಿ ನೆನೆಸಿಬಿಡೋಣ ಎಂದು ಕೈ ಎತ್ತಿದ್ದೆ.

"ನೀರು ಬಿಡ್ಬೇಡಿ! ಸಾರ್, ನೀರು ಬಿಡ್ಬೇಡಿ!"

ಗ್ರೀಸು ಬಳಿದ ಪ್ಯಾಂಟಿನ ಒಬ್ಬ ಗಂಡಸು ಹಗ್ಗದಡಿ ನುಸುಳಿ ಓಡಿ ಬಂದ. ಪೊಲೀಸಿನವನು ಅವನ ಕಾಲರು ಹಿಡಿದ. ಮನೆಯ ಯಜಮಾನ ಅವನೇ. ಬಸ್ ನಿಲ್ದಾಣದ ಹತ್ತಿರ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಅವನದು.

"ಕೆಲವದರಲ್ಲಿ ಲೋಹದ ಪುಡಿ ಐತೆ ಸಾರ್. ನೀರು ಕುಡಿದ್ರೆ ಒಳಗೊಳಗೇ ಬಿಸಿ ಹತ್ಕೊಂಬತ್ತದೆ. ಈಗ ಒಡೆದದ್ದೂ ಹಂಗೇ ಒಡೆದಿರೋದು."

ಎತ್ತಿದ ಕೈಯನ್ನು ಇಳಿಸಿದೆ. ನಮ್ಮ ಹತ್ತಿರ ಇರುವುದು ನೀರು. ನಮ್ಮ ಗಾಡಿ, ಪೈಪು, ತರಬೇತಿ, ಎಲ್ಲವೂ ನೀರನ್ನು ನಂಬಿಕೊಂಡಿವೆ. ಅದನ್ನೇ ಮುಟ್ಟಬೇಡ ಎಂದಾಗ ಕೈಕಾಲು ಕಟ್ಟಿಹಾಕಿದಂತಾಯಿತು. ಅವನನ್ನು ಮೇಷ್ಟರ ಕಾಂಪೌಂಡಿನ ಹಿಂದೆ ಕೂರಿಸಿ ಒಂದೊಂದೇ ಕೇಳಿದೆ.

ಮಾರಾಟಕ್ಕಲ್ಲ, ಯಾರಿಗೂ ಕೇಡು ಮಾಡಲಿಕ್ಕಲ್ಲ, ಬರೀ ಹವ್ಯಾಸ ಎಂದ. ಮೊಬೈಲಿನಲ್ಲಿ ಇಂಥವರ ಗುಂಪೊಂದು ಇದೆಯಂತೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಯಾರ ಗುಂಡು ಎಷ್ಟು ನುಣುಪು, ಯಾರದು ಆಕಾಶದಲ್ಲಿ ಎಷ್ಟು ಗುಂಡಗೆ ಬಿಚ್ಚಿತು, ಯಾರದು ಸೀಳಿಕೊಂಡು ಒಂದೇ ಬದಿಗೆ ಚೆಲ್ಲಿತು ಎಂದು ಫೋಟೋ ಹಾಕಿ ಮಾತಾಡುತ್ತಾರಂತೆ. ಎಲ್ಲ ವಾದವೂ ಕೊನೆಗೆ ಬಂದು ನಿಲ್ಲುವುದು ಸೀಲು ಮಾಡುವುದರ ಮೇಲೆ. ಕೆಲವರು ಗೋಂದು ಬಳಿದ ಟೇಪು ಸುತ್ತಿ ಬೇಗ ಮುಗಿಸುತ್ತಾರೆ. ಕೆಲವರು ಪ್ಲಾಸ್ಟಿಕ್ ಚಿಪ್ಪುಗಳನ್ನು ಅಂಟಿಸುತ್ತಾರೆ. ಹಳೆಯ ಕಾಲದವರು ಮಾತ್ರ ಕಾಗದದ ಪಟ್ಟಿಯನ್ನು ಮೈದಾ ಅಂಟಿನಲ್ಲಿ ನೆನೆಸಿ, ಸುತ್ತಿ, ಒಣಗಿಸಿ, ಮತ್ತೆ ಸುತ್ತುತ್ತಾರೆ. "ಮೈದಾ ಸೀಲಿಗೆ ಸಮ ಯಾವುದೂ ಇಲ್ಲ ಸಾರ್," ಎಂದ. ಹೇಳುವಾಗ ಎಲ್ಲಿದ್ದೇನೆ ಎನ್ನುವುದನ್ನು ಮರೆತವನಂತೆ ಅವನ ಬೆರಳುಗಳು ಗಾಳಿಯಲ್ಲಿ ಪಟ್ಟಿ ಸುತ್ತುತ್ತಿದ್ದವು. ಮೋಟಾರಿಗೆ ತಂತಿ ಸುತ್ತುವವನ ಬೆರಳು.

"ಹಂಗಾದ್ರೆ ಒಡೆದದ್ದು ಯಾಕೆ?"

"ಈ ಸಲ ಅವಸರ ಮಾಡ್ದೆ. ಒಳಗಿಂದು ಹಸಿ ಇದ್ದಾಗಲೇ ಮುಚ್ಚಿಬಿಟ್ಟೆ."

"ಮುಚ್ಚಿದ್ದು ನಾನು," ಎಂಬ ದನಿ ಬಂತು. ಹೆಂಡತಿ ಯಾವಾಗ ನಮ್ಮ ಹಿಂದೆ ಬಂದು ನಿಂತಳೋ ಗೊತ್ತಾಗಲಿಲ್ಲ. "ಕಾಗದ ಅಂಟಿಸಿದ್ದೆಲ್ಲ ನಾನೇ ಕಣ್ರೀ. ಮಧ್ಯಾಹ್ನ ಟೀವಿ ನೋಡ್ಕೊಂಡು, ಒಲೆ ಮೇಲೆ ಮೈದಾ ಕುದೀತಾ ಇದ್ರೆ, ಪಕ್ಕದಲ್ಲೇ ಕೂತ್ಕೊಂಡು ಅಂಟಿಸ್ತಿದ್ದೆ. ಥರ್ಮಾಕೋಲು ಅಂದಿದ್ರಲ್ರೀ ನೀವು? ಮದುವೆ ಹಾಲ್‌ನೋರು ತಗೊಂಡೋಯ್ತಾರೆ ಅಂದಿದ್ರಲ್ರೀ?"

ಅವನು ತಲೆ ತಗ್ಗಿಸಿದ. "ನಿನ್ನ ಕೈ ನನ್ನ ಕೈಗಿಂತ ನುಣುಪು. ನಿಜ ಹೇಳಿದ್ರೆ ನೀನು ಮುಟ್ತಿರ್ಲಿಲ್ಲ."

ಅವಳು ತನ್ನ ಬೆರಳ ಸಂದಿಯ ಒಣ ಅಂಟನ್ನೇ ನೋಡುತ್ತಿದ್ದಳು. ನೋಡುತ್ತಿದ್ದಂತೆಯೇ ಅವಳ ಮುಖದ ಬಣ್ಣ ಇಳಿಯಿತು.

"ಅಕ್ಕನ ಮನೇಲೂ ಐತೆ," ಎಂದಳು.

ಗಂಡ ಸರಕ್ಕನೆ ಎದ್ದುನಿಂತ. "ಏನಂದೆ?"

"ಎಲ್ಲಾನೂ ನನ್ನ ಕೈಲೇ ಮುಗೀತಿರ್ಲಿಲ್ಲ. ಅಕ್ಕನಿಗೂ ಒಂದು ಬುಟ್ಟಿ ಕೊಟ್ಟಿದ್ದೆ, ಅಂಟಿಸಿ ಒಣಗಿಸಿ ಕೊಡು ಅಂತ. ಅಮೃತಾಪುರದಲ್ಲಿ. ನಿಮಗೆ ಹೇಳಿದ್ರೆ ಬೈತೀರ ಅಂತ ಹೇಳಿರ್ಲಿಲ್ಲ."

ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಅಕ್ಕಪಕ್ಕದವರ ನಂಬರು ಅವಳ ಹತ್ತಿರ ಇರಲಿಲ್ಲ. ಅಕ್ಕನ ಗಂಡ ಗಾರೆ ಕೆಲಸಕ್ಕೆ ಹೋದವನು, ಅವನದು ಸ್ವಿಚ್ ಆಫ್. ತರೀಕೆರೆಯ ನಮ್ಮ ಠಾಣೆಗೆ ಕರೆ ಮಾಡಿದೆ. ಲಕ್ಕವಳ್ಳಿಗೆ ಹೋದ ಗಾಡಿ ಇನ್ನೂ ಬಣವೆಯ ಮುಂದೆಯೇ ಇತ್ತು. ಪೊಲೀಸರು ಅಮೃತಾಪುರಕ್ಕೆ ಬೈಕಿನಲ್ಲಿ ಒಬ್ಬರನ್ನು ಕಳಿಸುತ್ತೇವೆ ಎಂದರು. ಆದರೆ ಬೈಕಿನವರು ಹೋಗಿ ಏನು ಮಾಡಿಯಾರು? ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ಎಸೆದರೆ?

ಅಲ್ಲಿ ನಿಂತೇ ಯೋಚಿಸಿದೆ. ಇಲ್ಲಿಯ ಶೆಡ್ಡಿನ ಹತ್ತಿರ ಬೆಂಕಿಯಿಲ್ಲ, ಜನರಿಲ್ಲ, ಕರೆಂಟಿಲ್ಲ. ಕಾಯುವುದೊಂದೇ ಕೆಲಸ. ಅದನ್ನು ನಮ್ಮ ಹಿರಿಯ ಸಿಬ್ಬಂದಿ ಮಾಡಬಲ್ಲರು. ಅಲ್ಲಿಯದು ಏನೆಂದು ಗೊತ್ತಿಲ್ಲ. ಗಾಡಿ ಇಲ್ಲೇ ಇರಲಿ ಎಂದು ಹೇಳಿ, ಮುಟ್ಟಬೇಡಿ ಎಂದು ಬೈಕಿನವರಿಗೆ ತಿಳಿಸಲು ಹೇಳಿ, ಪೊಲೀಸ್ ಜೀಪು ಕೇಳಿಕೊಂಡು ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿಕೊಂಡೆ. ಗುಂಡಿನೊಳಗೆ ಏನಿದೆ ಎಂದು ಗೊತ್ತಿದ್ದವನು ಅವನು. ಮನೆ ಗೊತ್ತಿದ್ದವಳು ಅವಳು.

ತರೀಕೆರೆ ರಸ್ತೆಯ ಆ ಪ್ರಯಾಣದಲ್ಲಿ ಅವಳು ಒಂದೇ ಸಮನೆ ಅಕ್ಕನ ನಂಬರು ಒತ್ತುತ್ತಿದ್ದಳು. ನಾನು ಅವನನ್ನು ಕೇಳಿದೆ, "ಆ ಬುಟ್ಟೀಲಿರೋದು ಯಾವ್ಯಾವುದು?"

"ಅವಳು ಯಾವಾಗ ಕೊಟ್ಲು ಅನ್ನೋದರ ಮೇಲೆ ಸಾರ್."

"ಹೋದ ವಾರ," ಎಂದಳು ಅವಳು, ಕಿಟಕಿಯ ಕಡೆ ನೋಡುತ್ತಲೇ. "ದೊಡ್ಡವು."

ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. "ಅವೇ ಹಸಿ ಇದ್ದಿದ್ದು ಸಾರ್," ಎಂದ.

ಅಮೃತಾಪುರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಬೈಕಿನ ಪೊಲೀಸು ಇನ್ನೂ ಬಂದಿರಲಿಲ್ಲ. ಅಕ್ಕ ಅಂಗಳದಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಫೋನು ಒಳಗೆಲ್ಲೋ ಚಾರ್ಜಿಗೆ ಹಾಕಿತ್ತು. ಜೀಪಿನಿಂದ ತಂಗಿ ಇಳಿದದ್ದನ್ನು, ಹಿಂದೆ ಪೊಲೀಸು, ಖಾಕಿ ಹಾಕಿದ ನಾನು ಇಳಿದದ್ದನ್ನು ಕಂಡು ಅವಳ ಕೈಯ ಹುಣಸೆ ಮಡಿಲಿಗೆ ಬಿತ್ತು.

"ಏನಾಯ್ತೇ? ಯಾರಿಗೇನಾಯ್ತು?"

"ಅಕ್ಕಾ, ಆ ಚೆಂಡಿನ ಬುಟ್ಟಿ ಎಲ್ಲಿಟ್ಟಿದೀಯಾ?"

"ಅದಕ್ಕಾ ಬಂದ್ರಿ? ಬಚ್ಚಲುಮನೇಲೈತೆ. ಹಂಡೆ ಮೇಲಿನ ಅಟ್ಟದಲ್ಲಿ. ಮನೇಲಿ ಇಲಿ ಕಾಟ ಕಣೇ, ಮೈದಾ ವಾಸ್ನೆಗೆ ಬಂದು ಕೆರೀತವೆ. ಅಲ್ಲಾದ್ರೆ ಬೆಚ್ಚಗಿರ್ತದೆ, ಬೇಗ ಒಣಗ್ತದೆ."

ಮನೆಯ ಪಕ್ಕದಲ್ಲಿ ಪ್ರತ್ಯೇಕವಾಗಿದ್ದ ಬಚ್ಚಲುಮನೆಯ ಸೂರಿನಿಂದ ನೀಲಿ ಹೊಗೆ ನಿಧಾನವಾಗಿ ಏಳುತ್ತಿತ್ತು. ನಾನು ಅದನ್ನು ಮೊದಲೇ ನೋಡಿದ್ದೆ. ನೋಡಿಯೂ, ಅದು ಈ ಮನೆಯದಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಒಲೆ ಉರೀತಾ ಇದೆಯಾ?"

"ಹೂಂ ಸಾ. ನಮ್ಮ ಮಾವ ಒಳಗವ್ರೆ. ಸ್ನಾನಕ್ಕೆ ಹೋಗಿ ಈಗ ತಾನೇ ಚಿಲಕ ಹಾಕ್ಕಂಡ್ರು."

ಬಾಗಿಲ ಸಂದಿಯಿಂದ ನೀರು ಸುರಿದುಕೊಳ್ಳುವ ಸದ್ದು ಕೇಳಿಸುತ್ತಿತ್ತು, ನಡುನಡುವೆ ಮುದುಕನ ಕೆಮ್ಮು. ನನ್ನ ಜತೆ ಬಂದಿದ್ದ ಪೊಲೀಸಿನವನು ಬಾಗಿಲು ಒದೆಯಲು ಮುಂದಾದ. ತಡೆದೆ. ಹಳೆಯ ಮಣ್ಣಿನ ಗೋಡೆ, ಅಟ್ಟಕ್ಕೆ ಎರಡು ಬಿದಿರ ಗಳು ಮಾತ್ರ ಆಧಾರವೆಂದು ಅಕ್ಕ ಹೇಳಿದಳು. ಬಾಗಿಲು ಒದ್ದರೆ ಗೋಡೆ ಅದುರುತ್ತದೆ. ಬುಟ್ಟಿ ಹಂಡೆಯ ಮೇಲೆ ಬೀಳಬಹುದು, ಒಲೆಯ ಅಂಚಿಗೂ ಉರುಳಬಹುದು. ನೀರು ಸುರಿಯುವಂತಿಲ್ಲ. ಒಳಗೆ ಬಾಂಬಿದೆ ಎಂದು ಕೂಗಿದರೆ ಮುದುಕ ಕತ್ತಲಲ್ಲಿ ಗಾಬರಿಯಾಗಿ ಜಾರಿ ಬೀಳಬಹುದು, ಏನದು ಎಂದು ಮೇಲಕ್ಕೆ ಕೈ ಹಾಕಲೂಬಹುದು.

ಬಚ್ಚಲನ್ನು ಒಂದು ಸುತ್ತು ಹಾಕಿದೆ. ಹಿಂದಿನ ಗೋಡೆಯಲ್ಲಿ ಒಲೆಯ ಬಾಯಿ ಹೊರಗೇ ಇತ್ತು. ಸೌದೆಯನ್ನು ಹೊರಗಿನಿಂದ ತುರುಕುವ ಹಳೆಯ ಪದ್ಧತಿ. ಆಗ ತೀರ್ಮಾನ ಮಾಡಿದೆ. ಬುಟ್ಟಿಯ ಗೊಡವೆಗೆ ಹೋಗುವುದು ಬೇಡ. ಬೆಂಕಿಯನ್ನು ಬುಟ್ಟಿಯಿಂದ ದೂರ ಮಾಡಬೇಕು, ಮನುಷ್ಯನನ್ನು ಬುಟ್ಟಿಯಿಂದ ದೂರ ಮಾಡಬೇಕು. ಎರಡೂ ಒಟ್ಟಿಗೇ ಆಗಬೇಕು.

"ನೀವು ಮಾಮೂಲಿ ದನೀಲಿ ಅವರನ್ನ ಹೊರಗೆ ಕರೀರಿ," ಎಂದು ಅಕ್ಕನಿಗೆ ಹೇಳಿ, ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಹಿಂದಕ್ಕೆ ಹೋದೆ.

ಒಲೆಯೊಳಗೆ ಒಂದು ದಪ್ಪ ಜಾಲಿ ಕೊರಡು ಕೆಂಪಗೆ ಉರಿಯುತ್ತಿತ್ತು. ಸುತ್ತ ತೆಂಗಿನ ಚಿಪ್ಪುಗಳ ಕೆಂಡ. ಹಂಡೆಗೂ ಒಲೆಯ ಕಟ್ಟೆಗೂ ನಡುವೆ ಬೆರಳು ತೂರುವಷ್ಟು ಸಂದಿಗಳಿದ್ದು, ಅಲ್ಲಿಂದ ಜ್ವಾಲೆಯ ಬೆಳಕು ಒಳಗೆ ಹೋಗುತ್ತಿತ್ತು. ಕೊರಡನ್ನು ಜಗ್ಗಿದರೆ ಕಿಡಿಯೆದ್ದು ಅದೇ ಸಂದಿಯಿಂದ ಮೇಲೆ ಹಾರುತ್ತದೆ. ಹಾಗಾಗಿ ಮೊದಲು ಪಕ್ಕದ ತಿಪ್ಪೆಯಿಂದ ತಣ್ಣನೆ ಬೂದಿ, ಆಮೇಲೆ ಮಣ್ಣು ತೆಗೆದು ಸಲಿಕೆಯ ತುದಿಯಲ್ಲಿ ಬೆಂಕಿಯ ಮೇಲೆ ಮೆಲ್ಲಗೆ ಹಾಸತೊಡಗಿದೆ. ಎಸೆಯಲಿಲ್ಲ, ಹಾಸಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಗೋಡೆಯಾಚೆಯ ಮಾತು ಎಲ್ಲ ಕೇಳಿಸುತ್ತಿತ್ತು.

"ಮಾವಾ, ಬೇಗ ಬನ್ನಿ. ಯಾರೋ ಬಂದವ್ರೆ."

"ಯಾರು?"

"ಬೆಂಕಿ ಆರಿಸೋರು."

"ನಮ್ಮನೇಲೇನು ಬೆಂಕಿ ಬಿದ್ದೈತೆ? ಕೂತ್ಕಳ್ಳಕ್ಕೆ ಹೇಳು. ಕಾಫಿ ಕೊಡು. ಇನ್ನೂ ಬೆನ್ನು ಉಜ್ಜಿಲ್ಲ ನಾನು."

ಚೊಂಬು ಹಂಡೆಯ ಅಂಚಿಗೆ ತಾಗಿ ಠಣ್ ಎಂದಿತು. ನನ್ನ ಕೈಯಲ್ಲಿದ್ದ ಸಲಿಕೆ ನಿಂತಿತು. ಮತ್ತೊಂದು ಸಲ ಠಣ್. ಆತ ಆರಾಮವಾಗಿ ನೀರು ಮೊಗೆಯುತ್ತಿದ್ದ. ಅಕ್ಕ ಮತ್ತೆ ಕರೆದಳು. ಮುದುಕ ರೇಗಿದ. ಅಕ್ಕನ ದನಿ ನಡುಗತೊಡಗಿತು. ಇನ್ನೊಂದು ಮಾತಾಡಿದರೆ ಅವಳು ಅತ್ತುಬಿಡುತ್ತಾಳೆ, ಎಲ್ಲ ಬಯಲಾಗುತ್ತದೆ ಎನಿಸಿತು.

ಆಗ ತಂಗಿಯ ದನಿ ಕೇಳಿಸಿತು. ಅಜ್ಜಂಪುರದಿಂದ ಇಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದೆಲ್ಲ ಆ ದನಿಯಲ್ಲಿತ್ತು.

"ಮಾವಾ, ನಾನು ಬಂದಿದೀನಿ. ಈ ಮನುಷ್ಯ ನನ್ನನ್ನ ಮನೆಯಿಂದ ಆಚೆಗೆ ದಬ್ಬಿಬಿಟ್ಟ. ನನಗ್ಯಾರೂ ಇಲ್ಲ ಮಾವಾ. ನೀವಾದ್ರೂ ಬಂದು ಕೇಳಿ."

ನೀರಿನ ಸದ್ದು ನಿಂತಿತು. ಚಿಲಕ ಎಳೆದ ಸದ್ದಾಯಿತು. ನಾನು ಗೋಡೆಯ ಅಂಚಿನಿಂದ ಇಣುಕಿದೆ. ಮೈತುಂಬ ಸೋಪಿನ ನೊರೆ, ಸೊಂಟಕ್ಕೆ ಒದ್ದೆ ಟವೆಲು, ಕೈಯಲ್ಲಿ ತಾಮ್ರದ ಚೊಂಬು. ಮುದುಕ ನೇರವಾಗಿ ಅಂಗಳ ದಾಟಿ ಬಂದು ರಿವೈಂಡಿಂಗ್ ಅಂಗಡಿಯವನ ಎದುರು ನಿಂತ.

"ಏನೋ ಲೇ? ನಮ್ಮನೆ ಹೆಣ್ಣುಮಗಳನ್ನ ಆಚೆಗೆ ಹಾಕೋವಷ್ಟು ದೊಡ್ಡವನಾದೆಯೇನೋ?"

ಮುದುಕ ಚೊಂಬು ಎತ್ತಿದಾಗಲೂ ಅವನು ಕೈ ಅಡ್ಡ ತರಲಿಲ್ಲ. ಪೊಲೀಸಿನವನು ಮುದುಕನ ತೋಳು ಹಿಡಿದು, "ಬೀದಿಗೆ ಬನ್ನಿ ಅಜ್ಜಾ, ಅಲ್ಲೇ ಪಂಚಾಯ್ತಿ ಮಾಡೋಣ," ಎಂದು ಎಲ್ಲರನ್ನೂ ದೂರ ಕರೆದುಕೊಂಡು ಹೋದ. ಬೈಯುತ್ತ ಬೈಯುತ್ತಲೇ ಮುದುಕ ಸಾಯುವ ಜಾಗದಿಂದ ದೂರವಾದ.

ನಾನು ಒಲೆಗೆ ಮರಳಿದೆ. ಮಣ್ಣಿನಡಿ ಕೆಂಪು ಮಂಕಾಗಿತ್ತು. ಕೊರಡನ್ನು ಇಂಚಿಂಚಾಗಿ ಎಳೆದು ಹೊರತಂದು ದೂರ ಉರುಳಿಸಿ ಅದರ ಮೇಲೂ ಮಣ್ಣು ಸುರಿದೆ. ಕೆಂಡವನ್ನು ಗೋರಿ ತೆಗೆದೆ. ಒಲೆಯೊಳಗೆ ಕತ್ತಲಾದ ಮೇಲೆ ಸಲಿಕೆ ಕೆಳಗಿಟ್ಟು ಬೀದಿಯ ಕಡೆ ಹೊರಟೆ.

ಬಾಂಬ್ ದಳದವರು ಅಜ್ಜಂಪುರದ ಶೆಡ್ಡು ಮುಗಿಸಿಕೊಂಡು ಬರುವವರೆಗೆ ನಾವೆಲ್ಲ ಬೀದಿಯ ತಿರುವಿನಲ್ಲೇ ಕಾದೆವು. ದಪ್ಪ ಅಂಗಿ ತೊಟ್ಟ ಒಬ್ಬರೇ ಒಳಗೆ ಹೋಗಿ ಬುಟ್ಟಿಯನ್ನು ಇಳಿಸಿ, ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು ತಂದರು. ಹೆಲ್ಮೆಟ್ ತೆಗೆದ ಮೇಲೆ ನನ್ನ ಹತ್ತಿರ ಬಂದು, "ತಳದ ಗುಂಡಿನ ಕಾಗದ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಮುಟ್ಟಿದ್ರೆ ಇನ್ನೂ ಬಿಸಿ ಇತ್ತು," ಎಂದಷ್ಟೇ ಹೇಳಿದರು. ಆ ಬಿಸಿ ಒಲೆಯದೋ ಒಳಗಿನದೋ ಗೊತ್ತಾಗುವಂತಿರಲಿಲ್ಲ. ಮುದುಕನಿಗೆ ಅಷ್ಟರಲ್ಲಿ ಯಾರೋ ವಿಷಯ ತಿಳಿಸಿದ್ದರು. ಒಣಗಿದ ಸೋಪಿನ ಮೈಯಲ್ಲೇ ಜಗಲಿಯ ಮೇಲೆ ಕೂತು ಬಚ್ಚಲಿನ ಕಡೆ ನೋಡುತ್ತಿದ್ದ. ಸೊಸೆ ಕಾಫಿ ತಂದಳು. ಅವನು ಲೋಟವನ್ನು ಜಗಲಿಯ ಅಂಚಿಗೆ ಸರಿಸಿದ.

ನ್ಯಾಯಾಲಯದ ಅನುಮತಿ ಸಿಕ್ಕ ಮೇಲೆ ಗುಂಡುಗಳನ್ನೆಲ್ಲ ಊರಾಚೆಯ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ನಾಶ ಮಾಡಿದರು. ಮುಂಜಾಗ್ರತೆಗೆಂದು ನಮ್ಮ ಗಾಡಿಯೂ ಹೋಗಿತ್ತು. ಯಾವುದರಲ್ಲಿ ಏನಿದೆ ಎಂದು ಹೇಳಲು ಅವನನ್ನು ಪೊಲೀಸರು ಕರೆತಂದಿದ್ದರು. ಅವನ ಹೆಂಡತಿಯೂ ಅಕ್ಕನನ್ನು ಜತೆಮಾಡಿಕೊಂಡು ಬಂದಿದ್ದಳು. ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, "ನಾನು ಅಂಟಿಸಿದ್ದು ಏನು ಅಂತ ನೋಡ್ಬೇಕಿತ್ತು ಸಾ," ಎಂದಳು.

ಮೋಡ ಕವಿದ ಬೆಳಗ್ಗೆ. ಮೊದಲನೆಯದು ಸಿಡಿದಾಗ ಕ್ವಾರಿಯ ಕಲ್ಲುಗಳಿಗೆ ಬಡಿದು ಬಂದ ಸದ್ದು ಎದೆಗೇ ತಾಗಿತು. ಅದರ ಜತೆಗೇ ಸಿಡಿಸಲೆಂದು ತೋಡಿದ್ದ ಗುಂಡಿಯ ಅಂಚಿನ ಮೇಲೆ ಹಸಿರು ಕಿಡಿಗಳ ಅರ್ಧ ಚಕ್ರವೊಂದು ಎದ್ದು, ಒಂದು ಕ್ಷಣ ನಿಂತು, ಉದುರಿತು. ಅಕ್ಕ ಕಿವಿ ಮುಚ್ಚಿಕೊಂಡು ಕುಕ್ಕರಿಸಿದಳು. ಹೆಂಡತಿ ಮುಚ್ಚಿಕೊಳ್ಳಲಿಲ್ಲ. ತಾನು ಮಧ್ಯಾಹ್ನಗಳಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದ ವಸ್ತುವಿನ ಗಾತ್ರ ಎಷ್ಟೆಂದು ಅಳೆಯುವವಳಂತೆ ನೋಡುತ್ತಿದ್ದಳು. ಆಮೇಲೆ ಗಂಡನ ಕಡೆ ತಿರುಗಿದಳು. ನಾನೂ ತಿರುಗಿದೆ.

ಕೈಗೆ ಬೇಡಿ, ಪಕ್ಕದಲ್ಲಿ ಪೊಲೀಸು. ಆದರೂ ಅವನ ಮುಖ ಅರಳಿತ್ತು. ಕಣ್ಣು ಇನ್ನೂ ಆ ಹಸಿರು ಆರಿದ ಜಾಗದಲ್ಲೇ ಇತ್ತು.

"ಗುಂಡಗೆ ಬಿಚ್ತು ನೋಡಿದ್ರಾ ಸಾರ್?" ಎಂದ ನನಗೆ, ತಗ್ಗಿದ ದನಿಯಲ್ಲಿ. "ಸೀಲು ಎಲ್ಲೂ ಸೋರಿಲ್ಲ."

ಇಷ್ಟು ವರ್ಷ ಬೆಂಕಿಯ ಮುಂದೆ ನಿಂತಿದ್ದೇನೆ. ಸುಟ್ಟ ಮನೆ, ಸುಟ್ಟ ಮೈ ಎರಡನ್ನೂ ಕಂಡಿದ್ದೇನೆ. ಆ ಮುಖದಲ್ಲಿದ್ದ ಸಂತೋಷದ ಹಾಗೆ ಯಾವುದೂ ನನ್ನನ್ನು ಬೆಚ್ಚಿಬೀಳಿಸಿರಲಿಲ್ಲ. ಅದರಲ್ಲಿ ಕೆಟ್ಟತನ ಇರಲೇ ಇಲ್ಲ.

ಹೆಂಡತಿ ನನ್ನ ಹತ್ತಿರ ಬಂದಳು. "ಸಾ, ಅಮೃತಾಪುರದ ಕಡೆ ಬಸ್ಸು ಎಲ್ಲಿ ನಿಲ್ತದೆ?"

ರಸ್ತೆಯ ಕಡೆ ತೋರಿಸಿದೆ. ಅವಳು ಅಕ್ಕನನ್ನು ಎಬ್ಬಿಸಿ, ಸೀರೆಯ ಧೂಳು ಕೊಡವಿ, ಕೈ ಹಿಡಿದುಕೊಂಡು ಹೊರಟಳು. ಹಿಂದಿನಿಂದ ಒಂದಾದ ಮೇಲೊಂದು ಗುಂಡುಗಳು ಸಿಡಿಯುತ್ತಲೇ ಇದ್ದವು. ಪ್ರತಿಯೊಂದಕ್ಕೂ ಅವನು ತಲೆ ಎತ್ತಿದ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.